ಹೊಲದ ಕೆಲಸದಲ್ಲಿ ಮನುಷ್ಯಶಕ್ತಿ: ಬಿಸಿಲು, ನೀರು, ವಿರಾಮ ಮತ್ತು ಉಪಕರಣಗಳ ಪ್ರಭಾವ

ಬೇಸಾಯಕ್ಕೆ ಬೇಕಾದ ಸಾಧನಗಳಲ್ಲಿ ಭೂಮಿ, ನೀರು, ಬೀಜ, ಗೊಬ್ಬರ, ಎತ್ತು, ಯಂತ್ರ ಇವುಗಳ ಗುಣದೋಷಗಳನ್ನು ನಮ್ಮ ಒಕ್ಕಲಿಗರು ಚೆನ್ನಾಗಿ ಬಲ್ಲರು. ಎತ್ತು ಏದುಸಿರು ಬಿಡತೊಡಗಿದರೆ ನೊಗ ಬಿಚ್ಚಿ ನೆರಳಿಗೆ ಕಟ್ಟುವರು. ಟ್ರ್ಯಾಕ್ಟರಿನ ಇಂಜಿನು ಕಾದರೆ ನಿಲ್ಲಿಸಿ ಆರಿಸುವರು. ಆದರೆ ಇವೆಲ್ಲಕ್ಕೂ ಮೊದಲಿನ ಸಾಧನವಾದ ಮನುಷ್ಯನ ದೇಹವು ಎಷ್ಟು ಕೆಲಸ ಮಾಡಬಲ್ಲುದು, ಯಾವಾಗ ಮಾಡಲಾರದು, ಏತರಿಂದ ಅದರ ಶಕ್ತಿ ಕುಂದುವುದು ಎಂಬ ವಿಚಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ವಿರಳ. ಮಧ್ಯಾಹ್ನದಲ್ಲಿ ಕೆಲಸವು ನಿಧಾನವಾದರೆ "ಆಳುಗಳು ಸೋಮಾರಿಗಳು, ಮೇಲೆ ನಿಂತು ನೋಡಿಕೊಳ್ಳದಿದ್ದರೆ ಕೆಲಸ ಸಾಗದು" ಎಂದು ಹೇಳಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಈ ಮಾತು ಬಹುಮಟ್ಟಿಗೆ ತಪ್ಪೆಂದೂ, ನಿಧಾನಕ್ಕೆ ಕಾರಣವು ಮನಸ್ಸಿಗಿಂತ ಹೆಚ್ಚಾಗಿ ದೇಹದಲ್ಲಿಯೇ ಇರುವುದೆಂದೂ, ಭೂಮಾಲೀಕನು ಅಲ್ಪ ವೆಚ್ಚದಿಂದ ಅದನ್ನು ಸರಿಪಡಿಸಿಕೊಳ್ಳಬಹುದೆಂದೂ ಕಳೆದ ನೂರು ವರ್ಷಗಳ ಸಂಶೋಧನೆಯಿಂದ ತಿಳಿದುಬಂದಿರುವುದು. ಅದರ ಸಾರವನ್ನೂ, 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹೋಬಳಿಯಂತಹ ಒಣಪ್ರದೇಶದಲ್ಲಿ ಅದನ್ನು ಅನ್ವಯಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

1. ದೇಹವೆಂಬ ಯಂತ್ರ

ಆರೋಗ್ಯವಂತನಾದ ಮನುಷ್ಯನು ದಿನವಿಡೀ ಸತತವಾಗಿ ಕೊಡಬಲ್ಲ ಶಕ್ತಿಯು ಸುಮಾರು 75 ವ್ಯಾಟ್, ಎಂದರೆ ಒಂದು ಅಶ್ವಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ. ಅಲ್ಪಕಾಲ ಇದಕ್ಕಿಂತ ಬಹಳ ಹೆಚ್ಚಾಗಿ ಶ್ರಮಿಸಬಹುದಾದರೂ ಬೇಗನೆ ಆಯಾಸವಾಗುವುದು. ಅಲ್ಲದೆ, ದೇಹವು ತಿಂದ ಆಹಾರದಿಂದ ಪಡೆಯುವ ಶಕ್ತಿಯಲ್ಲಿ ನಾಲ್ಕೈದು ಪಾಲಿಗೆ ಒಂದು ಪಾಲು ಮಾತ್ರ ಗುದ್ದಲಿಯ ತುದಿಯಲ್ಲಿ ಕೆಲಸವಾಗಿ ಪರಿಣಮಿಸುವುದು. ಉಳಿದುದೆಲ್ಲ ಶಾಖವಾಗಿ ಮೈಯೊಳಗೇ ಹುಟ್ಟುವುದು. ಆದುದರಿಂದ ಹೆಚ್ಚು ಕೆಲಸ ಮಾಡಿದಷ್ಟೂ ಒಳಗಿನ ಶಾಖವು ಹೆಚ್ಚುವುದು.

ದೇಹದ ಒಳಶಾಖವು ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಂತಿರಬೇಕು. ಇದಕ್ಕಾಗಿ ಹೃದಯವು ರಕ್ತವನ್ನು ಚರ್ಮದ ಕಡೆಗೆ ನೂಕುವುದು. ಚರ್ಮದಿಂದ ಬೆವರು ಹೊರಟು, ಗಾಳಿಗೆ ಆರಿ, ಶಾಖವನ್ನು ಕೊಂಡೊಯ್ಯುವುದು. ಹೊಸ ಮಡಕೆಯ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಬಿಸಿಲಿನಲ್ಲಿ ದುಡಿಯುವವನ ಹೃದಯಕ್ಕೆ ಹೀಗೆ ಎರಡು ಹೊರೆಗಳು ಬೀಳುವುವು: ತೋಳು ಕಾಲುಗಳ ಮಾಂಸಖಂಡಗಳಿಗೆ ರಕ್ತ ಒದಗಿಸುವುದು ಒಂದು, ಮೈಯನ್ನು ತಂಪುಮಾಡಲು ಚರ್ಮಕ್ಕೆ ಒದಗಿಸುವುದು ಇನ್ನೊಂದು. ಎರಡಕ್ಕೂ ಸಾಲದಾದಾಗ ಮನುಷ್ಯನು ತಾನಾಗಿಯೇ ಕೈಯನ್ನು ನಿಧಾನಗೊಳಿಸುವನು. ಇದು ಕಳ್ಳತನವಲ್ಲ, ಪ್ರಾಣರಕ್ಷಣೆಗಾಗಿ ಪ್ರಕೃತಿಯು ಇಟ್ಟಿರುವ ಕಡಿವಾಣ. ಈ ಕಡಿವಾಣವನ್ನು ಬಲಾತ್ಕಾರದಿಂದಾಗಲಿ, ಗುತ್ತಿಗೆಯ ಹಣದ ಆಸೆಯಿಂದಾಗಲಿ ಮುರಿದರೆ ಆಗುವ ಅನಾಹುತವನ್ನು ಮುಂದೆ ಹೇಳಲಾಗುವುದು.

2. ಶಾಖದಿಂದ ಆಗುವ ನಷ್ಟ

ಕನ್ನಡ ನಾಡಿನಲ್ಲಿ ಈ ಪ್ರಶ್ನೆಯು ಮೊದಲು ತೀವ್ರವಾಗಿ ಎದ್ದುದು ಹೊಲದಲ್ಲಲ್ಲ, ಕೋಲಾರದ ಚಿನ್ನದ ಗಣಿಗಳಲ್ಲಿ. 2001ರಲ್ಲಿ ಮುಚ್ಚಲ್ಪಟ್ಟ ಈ ಗಣಿಗಳಲ್ಲಿ ಕೆಲಸವು ನೆಲಮಟ್ಟದಿಂದ 3 ಕಿಲೋಮೀಟರುಗಳಿಗಿಂತಲೂ ಆಳದವರೆಗೆ ನಡೆದಿತ್ತು. ಅಷ್ಟು ಕೆಳಗೆ ಬಂಡೆಯೇ ಕಾದಿರುವುದರಿಂದ, ತಂಪು ಮಾಡಿದ ಗಾಳಿಯನ್ನು ಯಂತ್ರಗಳಿಂದ ಒಳಕ್ಕೆ ಇಳಿಸಬೇಕಾಯಿತು. ಅಲ್ಲಿ ಕೆಲಸಗಾರರು ಶಾಖದಿಂದ ಕುಸಿದು ಬೀಳುತ್ತಿದ್ದುದರ ಕಾರಣಗಳನ್ನು ವಿಮರ್ಶಿಸಿ ಕ್ಯಾಪ್ಲನ್ ಎಂಬ ವೈದ್ಯರು 1943-44ರಲ್ಲಿ ದೊಡ್ಡ ಪ್ರಬಂಧವೊಂದನ್ನು ಪ್ರಕಟಿಸಿದರು. ಗಣಿಗಳಲ್ಲಿ ನಡೆದ ಇಂತಹ ವಿಚಾರಣೆಗಳಿಂದ ತಿಳಿದ ಮುಖ್ಯಾಂಶವೇನೆಂದರೆ, ಗಾಳಿಯ ಶಾಖವೊಂದನ್ನೇ ನೋಡಿದರೆ ಸಾಲದು; ಗಾಳಿಯಲ್ಲಿನ ತೇವವನ್ನೂ ನೋಡಬೇಕು. ತೇವವಾದ ಗಾಳಿಯಲ್ಲಿ ಬೆವರು ಆರದೆ ಮೈಮೇಲೆ ಹರಿದುಹೋಗುವುದರಿಂದ ಮೈ ತಣಿಯುವುದಿಲ್ಲ.

ಬಯಲಿನಲ್ಲಿ ದುಡಿಯುವವರಿಗೆ ಇವೆರಡರೊಡನೆ ಸೂರ್ಯನ ನೇರವಾದ ಕಾವೂ ಸೇರುವುದು. ಆದುದರಿಂದ 1950ರ ದಶಕದಲ್ಲಿ ಅಮೆರಿಕದ ಸೈನ್ಯದವರಿಗಾಗಿ ಹೊಸದೊಂದು ಅಳತೆಯನ್ನು ಏರ್ಪಡಿಸಿದರು. ಅದರಲ್ಲಿ ಮೂರು ಉಷ್ಣಮಾಪಕಗಳುಂಟು: ಒದ್ದೆ ಬಟ್ಟೆ ಸುತ್ತಿದುದು ಒಂದು, ಕಪ್ಪು ಬಣ್ಣದ ಲೋಹದ ಗುಂಡಿನೊಳಗಿಟ್ಟುದು ಒಂದು, ಸಾಮಾನ್ಯವಾದುದು ಒಂದು. ಇವುಗಳ ಅಂಕಗಳನ್ನು ಕ್ರಮವಾಗಿ 7, 2, 1 ಪಾಲಿನಂತೆ ಸೇರಿಸಿ ಹತ್ತರಿಂದ ಭಾಗಿಸಿದರೆ ಬರುವುದೇ 'ಸಂಯುಕ್ತ ಶಾಖಾಂಕ'ವೆಂದು ಇಲ್ಲಿ ಕರೆಯುವ ಅಳತೆ. ಇದು ಸಾಮಾನ್ಯ ಉಷ್ಣಮಾಪಕದ ಅಂಕಕ್ಕಿಂತ ಸಾಧಾರಣವಾಗಿ ಕಡಮೆಯಾಗಿರುವುದೆಂಬುದನ್ನು ನೆನಪಿಡಬೇಕು.

ಈ ಅಳತೆಯನ್ನು ಹಿಡಿದು ಪಶ್ಚಿಮ ಬಂಗಾಳದ ಬತ್ತದ ಗದ್ದೆಗಳಲ್ಲಿ ನಡೆಸಿದ ಪರೀಕ್ಷೆಯ ಫಲವು 2013ರಲ್ಲಿ ಪ್ರಕಟವಾಯಿತು. 124 ಮಂದಿ ಕೊಯ್ಲಿನ ಕೆಲಸಗಾರರನ್ನು ವಿಚಾರಿಸಿ, ಅವರಲ್ಲಿ 48 ಮಂದಿಯ ಹೃದಯದ ಬಡಿತವನ್ನು ನಿಮಿಷ ನಿಮಿಷಕ್ಕೂ ಗುರುತಿಸಿಕೊಂಡರು. ಪ್ರತಿ ಗಂಟೆಯಲ್ಲಿ ಸಂಗ್ರಹಿಸಿದ ಬತ್ತದ ಕಟ್ಟುಗಳನ್ನೂ ಎಣಿಸಿದರು. ಗಾಳಿಯ ಶಾಖವು 30ರಿಂದ 38 ಡಿಗ್ರಿಯವರೆಗೆ ಇದ್ದಾಗ ಸಂಯುಕ್ತ ಶಾಖಾಂಕವು 26ರಿಂದ 32ರವರೆಗೆ ಇದ್ದಿತು. 26ನ್ನು ದಾಟಿದ ಮೇಲೆ ಈ ಅಂಕವು ಒಂದೊಂದು ಡಿಗ್ರಿ ಏರಿದಂತೆಲ್ಲ ಗಂಟೆಯ ಕೆಲಸವು ನೂರಕ್ಕೆ ಸುಮಾರು 5ರಂತೆ ಇಳಿಯಿತು. ಶಾಖವು ಕಡಮೆಯಿದ್ದಾಗ ಹೃದಯದ ಬಡಿತವು ಬೇಗನೆ ಸ್ತಿಮಿತಕ್ಕೆ ಬರುತ್ತಿದ್ದಿತು, ಹೆಚ್ಚಿದ್ದಾಗ ತಡವಾಗುತ್ತಿದ್ದಿತು.

ಇದನ್ನು ಭೂಮಾಲೀಕನ ಲೆಕ್ಕಕ್ಕೆ ಇಳಿಸಿ ನೋಡಬಹುದು. ಶೇಂಗಾ ಕೀಳಲು ಇಪ್ಪತ್ತು ಆಳುಗಳನ್ನು ಕರೆದಿರುವನೆಂದೂ, ಶಾಖಾಂಕವು 26ರಿಂದ 30ಕ್ಕೆ ಏರಿತೆಂದೂ ಭಾವಿಸಿದರೆ, ಮೇಲಿನ ಪ್ರಮಾಣದಂತೆ ನೂರಕ್ಕೆ 20 ಪಾಲು ಕೆಲಸವು ಇಳಿಯುವುದು. ಹೊಲದಲ್ಲಿ ಇಪ್ಪತ್ತು ತಲೆಗಳು ಕಂಡರೂ ಆ ಹೊತ್ತಿನಲ್ಲಿ ಹದಿನಾರು ಆಳಿನ ಕೆಲಸ ಮಾತ್ರ ನಡೆಯುವುದು. ನಾಲ್ವರ ಕೂಲಿಯನ್ನು ಬಿಸಿಲು ತಿಂದಿರುವುದು. ಶೇಂಗಾ ಕೀಳುವುದು ಬತ್ತದ ಕೊಯ್ಲಿನಂತಹುದೇ ಅಲ್ಲವಾದುದರಿಂದ ಇಲ್ಲಿ ಪ್ರಮಾಣವು ಸ್ವಲ್ಪ ಹೆಚ್ಚು ಕಡಮೆಯಾಗಬಹುದು. ಆದರೆ ದಿಕ್ಕು ಬೇರೆಯಾಗಲಾರದು.

ಹೊಸಹಳ್ಳಿಯ ಸುತ್ತಿನ ಕೆಂಪು ಮಸಾರಿ ಭೂಮಿಯಲ್ಲಿ ಇನ್ನೊಂದು ವಿಶೇಷವುಂಟು. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿಯ ಗಾಳಿ ಒಣದು. ಬೆವರು ಹೊರಟ ಕೂಡಲೇ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ, ಉಪ್ಪಿನ ಬಿಳಿಯ ಗೆರೆ ಮಾತ್ರ ಉಳಿಯುವುದು. ತಾನು ಎಷ್ಟು ನೀರನ್ನು ಕಳೆದುಕೊಂಡೆನೆಂಬುದು ದುಡಿಯುವವನಿಗೇ ತಿಳಿಯುವುದಿಲ್ಲ. ಮಳೆ ಬಿದ್ದ ಮೇಲೆ ಕಳೆ ತೆಗೆಯುವ ಕಾಲದಲ್ಲಿ ಬಿಸಿಲು ಕಡಮೆಯೆಂದು ಕಂಡರೂ ಗಾಳಿ ತೇವವಾಗಿ ಬೆವರು ಆರದು. ಹೀಗೆ ಎರಡು ಕಾಲಗಳಲ್ಲಿಯೂ ಎರಡು ಬಗೆಯಿಂದ ಎಚ್ಚರವಾಗಿರಬೇಕು.

3. ವಿರಾಮವು ನಷ್ಟವಲ್ಲ

ಹೆಚ್ಚು ಹೊತ್ತು ದುಡಿಸಿದರೆ ಹೆಚ್ಚು ಕೆಲಸವಾಗುವುದೆಂಬ ನಂಬಿಕೆಯು ಎಲ್ಲ ದೇಶಗಳಲ್ಲಿಯೂ ಇದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಭಾನುವಾರದ ರಜವನ್ನೂ ಬಿಡಿಸಿ ದುಡಿಸಿದರು. ಅಲ್ಲಿಯ ಸರ್ಕಾರವು 1915ರಲ್ಲಿ ಕೆಲಸಗಾರರ ಆರೋಗ್ಯವನ್ನು ಕುರಿತು ಒಂದು ಸಮಿತಿಯನ್ನು ನೇಮಿಸಿತು. ಸಮಿತಿಗಾಗಿ ವರ್ನನ್ ಎಂಬ ಶಾಸ್ತ್ರಜ್ಞರು ಉತ್ಪತ್ತಿಯನ್ನು ಲೆಕ್ಕಹಾಕಿ ನೋಡಿದಾಗ, ಅತಿಯಾದ ಗಂಟೆಗಳನ್ನು ಕಡಮೆ ಮಾಡಿದ ಹಲವು ಕಡೆಗಳಲ್ಲಿ ವಾರದ ಒಟ್ಟು ಉತ್ಪತ್ತಿಯು ಇಳಿಯುವುದಕ್ಕೆ ಬದಲಾಗಿ ಏರಿದುದು ಕಂಡುಬಂದಿತು. ಇದರಿಂದ 1918ರಲ್ಲಿ ಆಯಾಸವನ್ನೇ ಕುರಿತು ಸಂಶೋಧನೆ ನಡೆಸುವ ಮಂಡಲಿಯೊಂದು ಆ ದೇಶದಲ್ಲಿ ಸ್ಥಾಪಿತವಾಯಿತು.

ಬೇಸಾಯದಲ್ಲಿ ಇದಕ್ಕೆ ನಿದರ್ಶನವು ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಕಬ್ಬಿನ ಹೊಲಗಳಲ್ಲಿ ದೊರೆತಿದೆ. ಬಿಸಿಲಿನಲ್ಲಿ ದುಡಿಯುವ ಅಲ್ಲಿಯ ಕಬ್ಬು ಕಡಿಯುವವರಲ್ಲಿ ಅನೇಕರು ಎಳೆಯ ವಯಸ್ಸಿನಲ್ಲಿಯೇ ಮೂತ್ರಪಿಂಡದ ರೋಗದಿಂದ ಸಾಯುತ್ತಿದ್ದರು. ಅವರಲ್ಲಿ ಒಂದು ತಂಡಕ್ಕೆ ಬೆನ್ನಿಗೆ ಕಟ್ಟುವ ನೀರಿನ ಚೀಲ, ಹೊಲದಿಂದ ಹೊಲಕ್ಕೆ ಒಯ್ಯಬಹುದಾದ ನೆರಳಿನ ಗುಡಾರ, ಗೊತ್ತಾದ ವೇಳೆಗೆ ಕಡ್ಡಾಯವಾದ ವಿರಾಮ, ಸುಧಾರಿಸಿದ ಕತ್ತಿ ಇವುಗಳನ್ನು ಒದಗಿಸಿದರು. 2016ರಲ್ಲಿ ಪ್ರಕಟವಾದ ವರದಿಯಂತೆ, ದಿನಕ್ಕೆ ಒಬ್ಬನು ಕಡಿಯುವ ಕಬ್ಬು 5.1 ಟನ್ನಿನಿಂದ ಏರುತ್ತ 7.3 ಟನ್ನಿನವರೆಗೂ ಮುಟ್ಟಿತು. ಹೊಲದಲ್ಲಿ ಕಳೆದ ಗಂಟೆಗಳೋ ಕಡಮೆಯಾದುವು. ನೀರು, ನೆರಳು, ವಿರಾಮ, ಕತ್ತಿ ನಾಲ್ಕನ್ನೂ ಒಂದೇ ಸಲ ಬದಲಾಯಿಸಿದುದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು. ಆದರೂ ವಿರಾಮ ಕೊಟ್ಟರೆ ಕೆಲಸ ಹಾಳಾಗುವುದೆಂಬ ಭಯಕ್ಕೆ ಇದು ಸಾಕಾದಷ್ಟು ಉತ್ತರವಾಗಿದೆ.

ವಿರಾಮವು ಸಾಕಾಯಿತೆ ಎಂಬುದನ್ನು ನಾಡಿಯಿಂದಲೇ ತಿಳಿಯಬಹುದು. ಕೆಲಸ ಬಿಟ್ಟು ನೆರಳಿನಲ್ಲಿ ಕುಳಿತ ಕೂಡಲೇ ಮಣಿಕಟ್ಟಿನ ನಾಡಿಯನ್ನು ಅರ್ಧ ನಿಮಿಷ ಎಣಿಸತಕ್ಕದ್ದು. 55ಕ್ಕಿಂತ ಹೆಚ್ಚಾಗಿದ್ದರೆ, ಎಂದರೆ ನಿಮಿಷಕ್ಕೆ 110ನ್ನು ಮೀರಿದ್ದರೆ, ಮುಂದಿನ ಕೆಲಸದ ಅವಧಿಯನ್ನು ಮೂರರಲ್ಲೊಂದು ಪಾಲು ಕಡಮೆ ಮಾಡತಕ್ಕದ್ದು. ಈ ಪರೀಕ್ಷೆಗೆ ಗಡಿಯಾರವೊಂದಿದ್ದರೆ ಸಾಕು.

4. ನೀರು ಮತ್ತು ಆಹಾರ

ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರನ್ನು ಕಳೆದುಕೊಳ್ಳಬಹುದು. ಮೈತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟು ನೀರು ಹೋದರೆ, ಎಂದರೆ 50 ಕಿಲೋ ತೂಗುವವನಲ್ಲಿ ಒಂದು ಲೀಟರು ಕಡಮೆಯಾದರೆ, ದುಡಿಯುವ ಶಕ್ತಿಯು ಕುಂದತೊಡಗುವುದು. ಬಾಯಾರಿಕೆಯು ತಡವಾಗಿ ತೋರುವುದರಿಂದ ಅದಕ್ಕಾಗಿ ಕಾಯದೆ, 15-20 ನಿಮಿಷಕ್ಕೊಮ್ಮೆ ಕಾಲು ಲೀಟರಿನಂತೆ ಕುಡಿಯಬೇಕು. ಒಂದೇ ಸಲ ಅತಿಯಾಗಿ ಕುಡಿಯುವುದೂ ಒಳ್ಳೆಯದಲ್ಲ. ಗಂಟೆಗೆ ಒಂದೂವರೆ ಲೀಟರನ್ನು ಮೀರಬಾರದು.

ಇಪ್ಪತ್ತು ಆಳುಗಳು 20 ನಿಮಿಷಕ್ಕೆ ಕಾಲು ಲೀಟರಿನಂತೆ ಐದು ಗಂಟೆ ಕುಡಿದರೆ 75 ಲೀಟರ್ ನೀರು, ಎಂದರೆ 15 ಲೀಟರು ಹಿಡಿಯುವ ಐದು ಕೊಡಗಳು ಬೇಕಾಗುವುವು. ಒಂದೆರಡು ಕೊಡ ಇಟ್ಟು "ನೀರಿಟ್ಟಿದ್ದೇವೆ" ಎಂದರೆ ಸಾಲದು. ನೀರು ಇರುವ ಜಾಗವೂ ಮುಖ್ಯ. ಕೆಲಸ ನಡೆದ ಸಾಲಿನ ಪಕ್ಕದ ಬದುವಿನಲ್ಲಿದ್ದರೆ ಕುಡಿಯುವರು. ದೂರದ ಕೊಳವೆ ಬಾವಿಯ ಬಳಿ ಇದ್ದರೆ, ಹೋಗಿಬರುವಾಗ ಯಾರಾದರೂ ಏನಾದರೂ ಅಂದಾರೆಂದು ಬಾಯಾರಿಕೆಯನ್ನು ತಡೆದುಕೊಳ್ಳುವರು. ಆದುದರಿಂದ ನೀರನ್ನು ಸಾಲಿನುದ್ದಕ್ಕೂ ಕೊಡಲು ಒಬ್ಬರನ್ನೇ ಬೇರೆಯಾಗಿ ನೇಮಿಸುವುದು ಲಾಭಕರ. ಹೆಣ್ಣಾಳುಗಳು ಬಹಿರ್ದೆಸೆಗೆ ಮರೆಯಿಲ್ಲವೆಂಬ ಸಂಕೋಚದಿಂದ ಬೇಕೆಂದೇ ನೀರು ಕುಡಿಯದಿರುವುದುಂಟು. ಹೊಲದ ಒಂದು ಮೂಲೆಯಲ್ಲಿ ತಟ್ಟಿಯ ಮರೆ ಕಟ್ಟಿಸುವುದು ಅಲ್ಪ ವೆಚ್ಚದ ಕೆಲಸ. ಅದರ ಪ್ರಯೋಜನವು ದೊಡ್ಡದು.

ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ, ನಿಂಬೆಯ ಪಾನಕ ಇವು ಉತ್ತಮವಾದ ಪಾನೀಯಗಳು. ತೀರ ಬಳಲಿದವರಿಗೆ ಒಂದು ಲೀಟರ್ ಶುದ್ಧವಾದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕರಗಿಸಿ ಕೊಡಬಹುದು. ಮದ್ಯವು ದೇಹದ ನೀರನ್ನು ಇನ್ನೂ ಕಳೆಯುವುದರಿಂದ ಹಿಂದಿನ ರಾತ್ರಿಯ ಕುಡಿತವೂ ಮರುದಿನದ ಬಿಸಿಲಿಗೆ ಹಾನಿಕರ.

ರಕ್ತಹೀನತೆಯು ಕಣ್ಣಿಗೆ ಕಾಣದ ಇನ್ನೊಂದು ನಷ್ಟ. ಇಂಡೋನೇಷ್ಯದ ರಬ್ಬರ್ ತೋಟಗಳ ಕೆಲಸಗಾರರಲ್ಲಿ ನಡೆದು 1979ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರಕ್ತಹೀನರಾದವರು ಇತರರಿಗಿಂತ ಕಡಮೆ ಹಾಲನ್ನು ಸಂಗ್ರಹಿಸುತ್ತಿದ್ದುದು ಕಂಡುಬಂದಿತು. 60 ದಿವಸ ಕಬ್ಬಿಣಾಂಶದ ಔಷಧವನ್ನು ಕೊಟ್ಟ ಮೇಲೆ ಅವರ ಕೆಲಸವು ಇತರರ ಕೆಲಸಕ್ಕೆ ಬಹುಮಟ್ಟಿಗೆ ಸಮವಾಯಿತು. ಅವರು ಸೋಮಾರಿಗಳಾಗಿರಲಿಲ್ಲ, ಅವರ ರಕ್ತಕ್ಕೆ ಬಲ ಸಾಲದಾಗಿದ್ದಿತು. ನಮ್ಮ ಹಳ್ಳಿಗಳಲ್ಲಿ ಹೆಂಗಸರಿಗೆ ಈ ದೋಷವು ಹೆಚ್ಚು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವಂತೆ ಅವರಿಗೆ ತಿಳಿಸಬೇಕು. ಸಜ್ಜೆಯ ರೊಟ್ಟಿ, ಸೊಪ್ಪಿನ ಪಲ್ಯ, ಕಾಳು ಇವುಗಳಲ್ಲಿ ಕಬ್ಬಿಣಾಂಶವುಂಟು. ಜೊತೆಗೆ ನಿಂಬೆ ಅಥವಾ ನೆಲ್ಲಿ ಸೇರಿದರೆ ಅದು ದೇಹಕ್ಕೆ ಚೆನ್ನಾಗಿ ಹತ್ತುವುದು; ಊಟದೊಡನೆಯೇ ಚಹ ಕುಡಿದರೆ ಸರಿಯಾಗಿ ಹತ್ತುವುದಿಲ್ಲ.

5. ಹೊಸ ಆಳು, ಹಳೆಯ ಆಳು

ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರಗಳು ಬೇಕು. ಈ ಅವಧಿಯಲ್ಲಿ ಬೆವರು ಬೇಗನೆ ಹೊರಡಲು ಕಲಿಯುವುದು, ಅದರಲ್ಲಿ ಉಪ್ಪು ಕಡಮೆಯಾಗುವುದು, ಹೃದಯದ ಬಡಿತವು ಇಳಿಯುವುದು. ಆದುದರಿಂದ ಹೊಸಬನಿಗೆ ಮೊದಲನೆಯ ದಿನ ಬಿಸಿಲಿನ ಪೂರ್ಣ ಕೆಲಸದ ಐದರಲ್ಲೊಂದು ಪಾಲನ್ನು ಮಾತ್ರ ಕೊಟ್ಟು, ದಿನಕ್ಕೆ ಇನ್ನೊಂದು ಪಾಲಿನಂತೆ ಏರಿಸತಕ್ಕದ್ದೆಂದು ಶಾಸ್ತ್ರಜ್ಞರು ವಿಧಿಸಿರುವರು. ಒಗ್ಗಿದ ಮೈಯೂ ಕೆಲವು ವಾರ ಬಿಸಿಲನ್ನು ಬಿಟ್ಟಿದ್ದರೆ ಮತ್ತೆ ಹೊಸದಾಗುವುದು. ಮಲೆನಾಡಿನ ತೋಟಗಳಿಗೋ ಬೆಂಗಳೂರಿಗೋ ದುಡಿಯಲು ಹೋಗಿ ಬೇಸಗೆಯಲ್ಲಿ ಊರಿಗೆ ಹಿಂದಿರುಗಿದವರು, ಜ್ವರದಿಂದ ಎದ್ದವರು, ಪರೀಕ್ಷೆ ಮುಗಿಸಿ ತಂದೆಯೊಡನೆ ಹೊಲಕ್ಕೆ ಬಂದ ಹುಡುಗರು ಇವರೆಲ್ಲರೂ ಈ ವಿಷಯದಲ್ಲಿ ಹೊಸ ಆಳುಗಳೇ. ಗಟ್ಟಿಮುಟ್ಟಾದ ಯುವಕನೆಂದು ನಂಬಿ ಮೊದಲನೆಯ ದಿನವೇ ಗುಂಡಿ ತೋಡಿಸುವುದು ಅಪಾಯಕರ. ವಯಸ್ಸಾದವರು, ಗರ್ಭಿಣಿಯರು, ರಕ್ತದೊತ್ತಡ ಮತ್ತು ಸಕ್ಕರೆ ರೋಗ ಉಳ್ಳವರು ಇವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರವು ಅವಶ್ಯಕ.

6. ಉಪಕರಣವೂ ಹೊರೆಯೂ

ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಟೇಲರ್ ಎಂಬ ಇಂಜಿನಿಯರು ಸಲಿಕೆಯ ಕೆಲಸವನ್ನು ಪರೀಕ್ಷಿಸಿ, ಒಂದು ಸಲಿಕೆಗೆ ಸುಮಾರು 21 ಪೌಂಡು, ಎಂದರೆ ಒಂಬತ್ತೂವರೆ ಕಿಲೋ ಭಾರವಿದ್ದರೆ ದಿನದ ಒಟ್ಟು ಕೆಲಸವು ಅತ್ಯಧಿಕವಾಗುವುದೆಂದು ಕಂಡುಕೊಂಡುದಾಗಿ 1911ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೇಳಿರುವರು. ಭಾರವಾದ ಅದಿರಿಗೆ ಚಿಕ್ಕ ಸಲಿಕೆ, ಹಗುರವಾದ ಬೂದಿಗೆ ದೊಡ್ಡ ಸಲಿಕೆ ಎಂದು ಅವರು ಬೇರೆ ಬೇರೆ ಮಾಡಿಸಿದರು. ಆ ದೇಶದ ಕೆಲಸಗಾರನ ಮೈಕಟ್ಟು ಬೇರೆ, ನಮ್ಮವರ ಮೈಕಟ್ಟು ಬೇರೆಯಾದುದರಿಂದ ಆ ಅಂಕಿಯನ್ನು ಹಾಗೆಯೇ ಹಿಡಿಯಬಾರದು. ತತ್ತ್ವವನ್ನು ಮಾತ್ರ ಗ್ರಹಿಸಬೇಕು: ಉಪಕರಣವು ಕೆಲಸಕ್ಕೂ ದೇಹಕ್ಕೂ ಹೊಂದಿಕೊಳ್ಳಬೇಕು.

ನಮ್ಮ ದೇಶದ ರೈತರ ಮೈಕಟ್ಟನ್ನು ಅಳೆಯುವ ಕೆಲಸವನ್ನು ಭೋಪಾಲಿನ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯು ಕೈಗೊಂಡು, ಅನೇಕ ರಾಜ್ಯಗಳ ಗಂಡಸರು ಹೆಂಗಸರಿಂದ 79 ದೇಹದ ಅಳತೆಗಳನ್ನೂ 16 ಬಗೆಯ ಬಲದ ಅಳತೆಗಳನ್ನೂ ಸಂಗ್ರಹಿಸಿ 2009ರಲ್ಲಿ ಪ್ರಕಟಿಸಿತು. ಹಿಡಿ ಎಷ್ಟು ದಪ್ಪವಿರಬೇಕು, ಕಾವು ಎಷ್ಟು ಉದ್ದವಿರಬೇಕು ಎಂಬುದನ್ನು ಇದರಿಂದ ನಿರ್ಣಯಿಸಬಹುದು. ಗಂಡಸಿನ ಅಳತೆಗೆ ಮಾಡಿದ ಉಪಕರಣವನ್ನು ಹೆಂಗಸಿನ ಕೈಗೆ ಕೊಟ್ಟು ಕೆಲಸ ಸಾಲದೆನ್ನುವುದು ನ್ಯಾಯವಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಕಳೆ ತೆಗೆಯುವುದಕ್ಕೆ ಬದಲಾಗಿ ನಿಂತು ನೂಕುವ ಎರಡು ಗಾಲಿಯ ಕೈಕುಂಟೆ, ಹಲ್ಲುಳ್ಳ ಹಗುರವಾದ ಕುಡುಗೋಲು, ಕುಳಿತು ನಡೆಸಬಹುದಾದ ಶೇಂಗಾ ಸುಲಿಯುವ ಯಂತ್ರ ಇವು ಈ ಬಗೆಯ ಸಂಶೋಧನೆಯಿಂದ ಬಳಕೆಗೆ ಬಂದ ಸಾಧನಗಳು. ಕೈಕುಂಟೆಯು ಸಾಲು ಬಿತ್ತನೆಯ ಹೊಲದಲ್ಲಿ ಮಾತ್ರ ನಡೆಯುವುದರಿಂದ ಕೂರಿಗೆಯ ಬಿತ್ತನೆಯು ಅದಕ್ಕೆ ಅವಶ್ಯಕ. ಹೊಸ ಉಪಕರಣವಿಲ್ಲದವರು ಇದ್ದುದನ್ನಾದರೂ ಹದವಾಗಿಟ್ಟುಕೊಳ್ಳಬಹುದು. ಮೊಂಡಾದ ಕುಡುಗೋಲು, ಸಡಿಲವಾದ ಗುದ್ದಲಿಯ ಕಾವು ಇವು ದಿನವೂ ಕೂಲಿಯನ್ನು ತಿನ್ನುವುವು. ಸಂಜೆ ಮಸೆದಿಟ್ಟರೆ ಬೆಳಗಿನ ತಂಪು ಹೊತ್ತು ವ್ಯರ್ಥವಾಗದು.

ಹೊರೆಯ ವಿಷಯದಲ್ಲಿ ದತ್ತ ಮತ್ತು ರಾಮನಾಥನ್ ಎಂಬ ಭಾರತೀಯ ಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಸಿದ್ಧವಾದುದು. ಸಮತಲದ ಮೇಲೆ ಹೊರೆಯನ್ನು ಒಯ್ಯುವ ಏಳು ಕ್ರಮಗಳನ್ನು ಹೋಲಿಸಿ ನೋಡಿದಾಗ, ಎದೆಗೂ ಬೆನ್ನಿಗೂ ಸಮನಾಗಿ ಹಂಚಿ ಕಟ್ಟಿದ ಹೊರೆಯು ಅತಿ ಕಡಮೆ ಶ್ರಮದ್ದೆಂದೂ, ತಲೆಯ ಮೇಲಿನ ಹೊರೆಯು ಅದಕ್ಕೆ ಸಮೀಪದ್ದೆಂದೂ, ಎರಡು ಕೈಗಳಲ್ಲಿ ತೂಗಾಡಿಸಿ ಒಯ್ಯುವುದು ಎಲ್ಲಕ್ಕಿಂತ ಹೆಚ್ಚು ಶ್ರಮದ್ದೆಂದೂ ಕಂಡುಬಂದಿತು. ಸಿಂಬಿಯಿಟ್ಟು ತಲೆಯ ಮೇಲೆ ಹೊರುವ ನಮ್ಮ ಹಳೆಯ ಪದ್ಧತಿಯು ಹೀಗೆ ಶಾಸ್ತ್ರಕ್ಕೆ ವಿರುದ್ಧವಾದುದಲ್ಲ. ಆದರೆ ಭಾರವು ಹೆಚ್ಚಾದರೆ ಕುತ್ತಿಗೆಗೆ ಕೆಡುಕು. ಯೂರಿಯಾದ ಚೀಲವು 2018ರಿಂದ 50 ಕಿಲೋಗೆ ಬದಲಾಗಿ 45 ಕಿಲೋ ಆಗಿರುವುದಾದರೂ ಅದು ಒಬ್ಬರ ಹೊರೆಯಲ್ಲ. ಇಬ್ಬರು ಸೇರಿ ಎತ್ತುವುದು, ಇಲ್ಲವೆ ಕೈಗಾಡಿಯನ್ನು ಉಪಯೋಗಿಸುವುದು ಒಳ್ಳೆಯದು.

7. ಬೇಸಗೆಯ ದಿನಚರಿ

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್ ಮೇ ತಿಂಗಳುಗಳಿಗೆ ಸರ್ಕಾರಿ ಕಛೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗೆ ಎಂದು ಅನೇಕ ವರ್ಷಗಳಲ್ಲಿ ಬದಲಾಯಿಸಿದುದುಂಟು. ಮಾಳಿಗೆಯ ಕೆಳಗೆ, ಬೀಸಣಿಗೆಯ ಅಡಿಯಲ್ಲಿ ಕುಳಿತವರಿಗೇ ಈ ಏರ್ಪಾಡು ಬೇಕಾದರೆ ಬಯಲಿನಲ್ಲಿ ಬಗ್ಗಿ ದುಡಿಯುವವರಿಗೆ ಎಷ್ಟು ಹೆಚ್ಚಾಗಿ ಬೇಕೆಂಬುದನ್ನು ಹೇಳಬೇಕಾದುದಿಲ್ಲ. ಗ್ರಾಮೀಣ ಉದ್ಯೋಗ ಖಾತರಿಯ 2005ರ ಕಾಯಿದೆಯೂ ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ವಿಧಿಸಿದ್ದಿತು. ಖಾಸಗಿ ಹೊಲದಲ್ಲಿ ಅನುಸರಿಸಬಹುದಾದ ಕ್ರಮವು ಹೀಗಿರಬಹುದು:

(ಅ) ಬೆಳಿಗ್ಗೆ 6ಕ್ಕೆ ಕೆಲಸ ಆರಂಭಿಸಿ, ಅಗೆಯುವುದು, ಹೊರುವುದು ಮುಂತಾದ ಕಷ್ಟದ ಕೆಲಸಗಳನ್ನು 10 ಗಂಟೆಯೊಳಗಾಗಿ ಮುಗಿಸುವುದು.
(ಆ) 8ರ ಸುಮಾರಿಗೆ ಬುತ್ತಿಯ ವಿರಾಮ. 10ರ ಮೇಲೆ ಮುಕ್ಕಾಲು ಗಂಟೆಯ ಕೆಲಸಕ್ಕೆ ಕಾಲು ಗಂಟೆಯಂತೆ ನೆರಳಿನಲ್ಲಿ ವಿರಾಮ.
(ಇ) 12ರಿಂದ 4ರವರೆಗೆ ಬಯಲಿನ ಕೆಲಸವನ್ನು ನಿಲ್ಲಿಸಿ, ಶೇಂಗಾ ಕಾಯಿ ಬಿಡಿಸುವುದು, ಬೀಜ ಆರಿಸುವುದು, ಚೀಲ ಹೊಲಿಯುವುದು ಮೊದಲಾದ ಕೆಲಸಗಳನ್ನು ಮರದ ಅಥವಾ ಚಪ್ಪರದ ಕೆಳಗೆ ಇಟ್ಟುಕೊಳ್ಳುವುದು.
(ಈ) ತಲೆಗೆ ರುಮಾಲು ಅಥವಾ ಸೆರಗು, ಮೈಗೆ ಸಡಿಲವಾದ ಹತ್ತಿಯ ಬಟ್ಟೆ ಇರುವಂತೆ ನೋಡಿಕೊಳ್ಳುವುದು.
(ಉ) ಯಾರೂ ಒಂಟಿಯಾಗಿ ದುಡಿಯದಂತೆ ಜೋಡಿ ಮಾಡಿ, ಒಬ್ಬರನ್ನೊಬ್ಬರು ಗಮನಿಸುವಂತೆ ಹೇಳುವುದು.

ಇದರಲ್ಲಿ ಒಂದು ತೊಡಕುಂಟು. ಹೆಂಗಸರು ಹೊಲಕ್ಕೆ ಬರುವ ಮೊದಲೇ ನೀರು ತಂದು, ಅಡಿಗೆ ಮಾಡಿ, ಮಕ್ಕಳನ್ನೂ ದನಗಳನ್ನೂ ನೋಡಿ ಒಂದು ಪಾಳಿ ಕೆಲಸ ಮುಗಿಸಿರುವರು. 6 ಗಂಟೆಗೆ ಬರಬೇಕೆಂದರೆ ಅವರು 4ಕ್ಕೆ ಮುಂಚೆ ಏಳಬೇಕಾಗಬಹುದು. ಆದುದರಿಂದ ವೇಳೆಯನ್ನು ಅವರೊಡನೆ ಹಿಂದಿನ ದಿನವೇ ಮಾತನಾಡಿ ಗೊತ್ತುಮಾಡಬೇಕು. ಬುತ್ತಿಯನ್ನು ಮಾಲೀಕನೇ ಒದಗಿಸಿದರೆ ಅವರ ಬೆಳಗಿನ ಹೊರೆ ಕಡಮೆಯಾಗುವುದು. ಗುತ್ತಿಗೆಯ ಲೆಕ್ಕದಲ್ಲಿ ದುಡಿಯುವವರು ಕೂಲಿಯ ಆಸೆಗೆ ವಿರಾಮವನ್ನು ಬಿಡುವುದುಂಟು. ವಿರಾಮವು ಎಲ್ಲರಿಗೂ ಕಡ್ಡಾಯವಾಗಿ ಒಂದೇ ವೇಳೆಗೆ ಇರಬೇಕು.

8. ಬಿಸಿಲು ಬಡಿದಾಗ

ತಲೆನೋವು, ತಲೆಸುತ್ತು, ವಾಕರಿಕೆ, ಮಾಂಸಖಂಡಗಳ ಸೆಳೆತ, ಅತಿಯಾದ ಬಳಲಿಕೆ ಇವು ಮೊದಲನೆಯ ಎಚ್ಚರಿಕೆಗಳು. ಕೂಡಲೇ ಕೆಲಸ ಬಿಡಿಸಿ, ನೆರಳಿನಲ್ಲಿ ಮಲಗಿಸಿ, ನೀರು ಮಜ್ಜಿಗೆ ಕೊಡಬೇಕು. ಅಸಂಬದ್ಧವಾಗಿ ಮಾತನಾಡುವುದು, ತೂರಾಡುವುದು, ಪ್ರಜ್ಞೆ ತಪ್ಪುವುದು, ಮೈ ಕೆಂಡದಂತೆ ಕಾಯುವುದು ಕಂಡರೆ ಒಳಶಾಖವು 40 ಡಿಗ್ರಿಯನ್ನು ಮೀರಿರಬಹುದು. ಇದು ಪ್ರಾಣಾಪಾಯದ ಸ್ಥಿತಿ. ಬೆವರು ಹರಿಯುತ್ತಿದ್ದರೂ ಇದು ಬಿಸಿಲ ಹೊಡೆತವಾಗಿರಬಹುದು. 108ಕ್ಕೆ ಕರೆ ಮಾಡಿ, ವಾಹನವು ಬರುವವರೆಗೆ ಕಾಯುತ್ತ ಕೂರದೆ, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ತಣ್ಣೀರನ್ನು ಮೈಮೇಲೆಲ್ಲ ಹೊಯ್ದು ಗಾಳಿ ಬೀಸಬೇಕು. ಪಂಪುಸೆಟ್ಟಿನ ತೊಟ್ಟಿಯು ಹತ್ತಿರವಿದ್ದರೆ ತಲೆಯನ್ನು ಮೇಲೆ ಹಿಡಿದು ಕುತ್ತಿಗೆಯವರೆಗೆ ನೀರಿನಲ್ಲಿ ಇರಿಸಬಹುದು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಮೊದಲನೆಯ ಅರ್ಧ ಗಂಟೆಯಲ್ಲಿ ಮೈ ತಣಿದರೆ ಬದುಕುವ ಸಂಭವವು ಹೆಚ್ಚು. ಆಸ್ಪತ್ರೆಯು ದೂರವಿರುವ ಹಳ್ಳಿಗಳಲ್ಲಿ ಹೊಲದ ನೀರೇ ಮೊದಲನೆಯ ಔಷಧ.

9. ಸ್ವತಃ ಪರೀಕ್ಷಿಸಿ ನೋಡುವ ಕ್ರಮ

ಇದನ್ನೆಲ್ಲ ಯಾರೂ ಬರಿಯ ಮಾತಿನಿಂದ ನಂಬಬೇಕಾದುದಿಲ್ಲ. ಬೀಜದ ತಳಿಯನ್ನು ಪರೀಕ್ಷಿಸುವಂತೆಯೇ ಇದನ್ನೂ ಪರೀಕ್ಷಿಸಬಹುದು. ಒಂದೇ ಹೊಲದಲ್ಲಿ, ಒಂದೇ ಬೆಳೆಯಲ್ಲಿ, ಸಮನಾದ ಆಳುಗಳ ಎರಡು ತಂಡಗಳನ್ನು ಮಾಡಿ, ಒಂದು ತಂಡವು ರೂಢಿಯಂತೆಯೂ ಇನ್ನೊಂದು ತಂಡವು ಮೇಲ್ಕಂಡ ದಿನಚರಿಯಂತೆಯೂ ಮೂರು ದಿವಸ ದುಡಿಯಲಿ. ಮುಂದಿನ ಮೂರು ದಿವಸ ತಂಡಗಳನ್ನು ಅದಲುಬದಲು ಮಾಡಲಿ. ಮುಗಿಸಿದ ಸಾಲುಗಳನ್ನೂ, ಬಿಟ್ಟುಹೋದ ಕಳೆಯನ್ನೂ, ಮಣ್ಣಿನಲ್ಲಿ ಉಳಿದ ಕಾಯಿಗಳನ್ನೂ, ಮರುದಿನ ಕೆಲಸಕ್ಕೆ ಬಾರದವರನ್ನೂ ಬರೆದಿಡಲಿ. ಅತಿ ಬಿಸಿಲಿನ ದಿವಸಗಳಲ್ಲಿ ಈ ಪರೀಕ್ಷೆಯನ್ನು ಮಾಡಬಾರದು. ನೀರನ್ನಂತೂ ಎರಡು ತಂಡಗಳಿಗೂ ಸಮನಾಗಿ ಕೊಡತಕ್ಕದ್ದು. ಆರು ದಿವಸಗಳ ಲೆಕ್ಕವು ಉಪದೇಶಕ್ಕಿಂತ ಹೆಚ್ಚು ಸ್ಪಷ್ಟವಾಗಿ ಮಾತನಾಡುವುದು.

ಕಡೆಯದಾಗಿ ಒಂದು ಮಾತು. ಮನುಷ್ಯಶಕ್ತಿಯ ಸಂಶೋಧನೆಯಿಂದ ದೊರೆತ ಲಾಭವನ್ನು ಮಾಲೀಕನೊಬ್ಬನೇ ತೆಗೆದುಕೊಂಡು, ಇಷ್ಟು ಹೊತ್ತಿಗೆ ಇಷ್ಟು ಮುಗಿಸಿದಿರಿ, ನಾಳೆ ಇನ್ನೂ ಹೆಚ್ಚು ಮುಗಿಸಿರೆಂದು ಹೊರೆಯನ್ನು ಏರಿಸಿದರೆ, ವಿರಾಮದ ಫಲವೆಲ್ಲ ನಾಶವಾಗಿ ಆಳುಗಳ ನಂಬಿಕೆಯೂ ಹೋಗುವುದು. ಮಧ್ಯಾಹ್ನದ ವಿರಾಮಕ್ಕಾಗಿ ಕೂಲಿಯನ್ನು ಕಡಿಯುವುದೂ ಹಾಗೆಯೇ. ಕೆಲಸಗಾರರು ಸಿಕ್ಕುವುದಿಲ್ಲವೆಂದು ಎಲ್ಲೆಲ್ಲಿಯೂ ದೂರುವ ಈ ಕಾಲದಲ್ಲಿ, ಯಾವ ಹೊಲದಲ್ಲಿ ನೀರು ನೆರಳು ಇರುವುದೋ ಆ ಹೊಲಕ್ಕೆ ಆಳುಗಳು ಕರೆಯದೆಯೇ ಬರುವರು. ಗ್ರಾಮದ ಮುಖಂಡರು ತಮ್ಮ ಹೊಲದಲ್ಲಿ ಮೊದಲು ಐದು ಕೊಡ ನೀರನ್ನೂ ಒಂದು ಚಪ್ಪರವನ್ನೂ ಏರ್ಪಡಿಸಿ ಮೇಲ್ಪಂಕ್ತಿ ಹಾಕಿಕೊಟ್ಟರೆ ಉಳಿದವರು ಅನುಸರಿಸುವರು. ಮುಂದಿನ ಬೇಸಗೆಯ ಕೆಲಸಗಳು ಆರಂಭವಾಗುವ ಮೊದಲೇ ಇದಕ್ಕೆ ಬೇಕಾದ ಏರ್ಪಾಡನ್ನು ಮಾಡಿಕೊಳ್ಳುವುದು ಒಳ್ಳೆಯದು.